ಮೇಬೆರಿ ನೋಟ್‌ಬುಕ್: ಕಪ್ಪುಬಿಳುಪು ಮುಗೀತು

ನಿನ್ನೆ ರಾತ್ರಿ 159ನೇ ಕಂತು ನೋಡಿದೆ. 'ದಿ ಆಂಡಿ ಗ್ರಿಫಿತ್ ಶೋ' ಒಟ್ಟು 249 ಕಂತು, 1960ರಿಂದ 1968ರವರೆಗೆ ಅಮೆರಿಕದ ಸಿಬಿಎಸ್ ಟಿವಿಯಲ್ಲಿ ಬಂದ ಸೀರಿಯಲ್. ಮೊದಲ ಐದು ಸೀಸನ್ ಕಪ್ಪುಬಿಳುಪು, ಉಳಿದ 90 ಕಂತು ಕಲರ್. ನಾರ್ತ್ ಕ್ಯಾರೊಲಿನಾದಲ್ಲಿ ಮೇಬೆರಿ ಅನ್ನೋ ಕಲ್ಪನೆಯ ಊರು. ಅಲ್ಲಿನ ಷೆರಿಫ್, ಅಂದ್ರೆ ಪೊಲೀಸ್ ಅಧಿಕಾರಿ, ಆಂಡಿ. ಅವನ ಹೆಂಡತಿ ತೀರಿಕೊಂಡಿದ್ದಾಳೆ, ಮಗ ಓಪಿ ಇದ್ದಾನೆ, ಮನೆ ನೋಡಿಕೊಳ್ಳೋದು ಆಂಟ್ ಬೀ.

ನನ್ನ ಕೆಲಸ ಇಷ್ಟೇ: ಮತ್ತೆ ಮತ್ತೆ ಬರೋ ಪಾತ್ರಕ್ಕೆ ಒಂದೊಂದು ಪುಟ. ಬಂದಾಗೆಲ್ಲ ಕಂತಿನ ನಂಬರು, ಜೊತೆಗೆ ಏನು ಮಾಡಿದ ಅಂತ ಒಂದು ಸಾಲು.

ಲೆಕ್ಕ ನೋಡಿ ನಾನೇ ದಂಗಾದೆ. ಕಿಟಕಿಗೆ ಕಲ್ಲು ಹೊಡೆಯೋ ಬೆಟ್ಟದ ಕಡೆಯ ಅರ್ನೆಸ್ಟ್ ಟಿ. ಬಾಸ್ ಇಪ್ಪತ್ತು ಸಲವಾದರೂ ಬಂದಿರಬೇಕು ಅಂದುಕೊಂಡಿದ್ದೆ, ಪುಟದಲ್ಲಿ ಇರೋದು ನಾಲ್ಕೇ ಸಾಲು! ಕಲರ್‌ನಲ್ಲಿ ಇನ್ನೊಂದು ಸಲ ಬರ್ತಾನೆ, ಅಷ್ಟೇ. ಬೆಟ್ಟದಿಂದಲೇ ಬರೋ ಡಾರ್ಲಿಂಗ್ ಕುಟುಂಬದವರೂ ಹಾಗೇ, ಇಲ್ಲಿಗೆ ಐದು ಸಲ, ಮುಂದೆ ಒಂದು. ಆಂಡಿಯ ಕೈಕೆಳಗಿನ ಡೆಪ್ಯುಟಿ ಬಾರ್ನಿ ಫೋನಲ್ಲಿ ಮಾತಾಡಿಸೋ ವನೀಟಾ, ಟೆಲಿಫೋನ್ ಎಕ್ಸ್‌ಚೇಂಜಿನ ಸಾರಾ, ಇವರ ಮುಖ ನಾವು ನೋಡೋದೇ ಇಲ್ಲ, ಆದರೂ ಇಬ್ಬರೂ ಊರಲ್ಲಿ ಎಲ್ಲೋ ಇದ್ದಾರೆ ಅಂತ ನಂಬಿಕೆ ಬಂದುಬಿಡುತ್ತೆ, ಅಲ್ವಾ? ಅದಕ್ಕೇ ಅವರಿಗೂ ಪುಟ ಕೊಟ್ಟಿದ್ದೀನಿ.

ಓಟಿಸ್ ಪುಟದಲ್ಲಿ ಹೆಚ್ಚುಕಮ್ಮಿ ಒಂದೇ ಸಾಲು. ಕುಡಿದು ಬರ್ತಾನೆ, ಗೋಡೆಯಲ್ಲಿ ನೇತಾಡೋ ಬೀಗದ ಕೈ ತಗೊಂಡು ಲಾಕಪ್ಪಿಗೆ ತಾನೇ ಹೋಗಿ ಮಲಗ್ತಾನೆ. ಎಷ್ಟು ಸಲ ನೋಡಿದರೂ ಬೇಜಾರಾಗಲ್ಲ.

ಜಾಸ್ತಿ ಹೊತ್ತು ಕೂತಿದ್ದು ಫ್ಲಾಯ್ಡ್ ಪುಟದ ಮುಂದೆ. ಕಟಿಂಗ್ ಶಾಪಿನ ಫ್ಲಾಯ್ಡ್ ಆಗಿ ಮಾಡಿದವರು ಹೋವರ್ಡ್ ಮೆಕ್‌ನಿಯರ್. ಮೂರನೇ ಸೀಸನ್ ಹೊತ್ತಿಗೆ ಅವರಿಗೆ ಪಾರ್ಶ್ವವಾಯು ಆಯ್ತು, ಒಂದು ವರ್ಷಕ್ಕೂ ಹೆಚ್ಚು ಕಾಲ ಪುಟ ಖಾಲಿ. 1964ರಲ್ಲಿ ಮತ್ತೆ ಬಂದರು. ಅಲ್ಲಿಂದ ಮುಂದೆ ಗಮನಿಸಿ: ಫ್ಲಾಯ್ಡ್ ಹೆಚ್ಚಾಗಿ ಕೂತೇ ಇರ್ತಾನೆ, ಎಡಗೈ ಆಡೋದಿಲ್ಲ, ನಿಂತ ದೃಶ್ಯಗಳಿಗೆ ಒರಗಿಕೊಳ್ಳೋಕೆ ಒಂದು ಆಸರೆ ಮಾಡಿಸಿದ್ದರಂತೆ. ಗೊತ್ತಾದ ಮೇಲೆ ಹಳೇ ಕಂತಿಗೆ ಹೋಗಿ, ಅವರು ಕತ್ತರಿ ಹಿಡಿದು ಕುರ್ಚಿ ಸುತ್ತ ಓಡಾಡೋದನ್ನ ಸುಮ್ನೆ ನೋಡ್ತಾ ಕೂತೆ. ಅವರನ್ನ ಕೈಬಿಡದೆ ಕರೆತಂದರಲ್ಲ, ಅದಕ್ಕೇ ಈ ತಂಡದ ಮೇಲೆ ನನಗೆ ಇಷ್ಟು ಪ್ರೀತಿ.

ಇಲ್ಲಿವರೆಗಿನದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನಾಲ್ಕನೇ ಸೀಸನ್ನಿನ ಮೊದಲ ಕಂತು, 'ಓಪಿ ದ ಬರ್ಡ್‌ಮ್ಯಾನ್', 1963. ಓಪಿಯ ಕ್ಯಾಟರ್‌ಬಿಲ್ ಏಟಿಗೆ ತಾಯಿ ಹಕ್ಕಿ ಸಾಯುತ್ತೆ. ಆಂಡಿ ಹೊಡೆಯಲ್ಲ, ಕೂಗಾಡಲ್ಲ. ಕಿಟಕಿ ತೆರೆದು, ಮರಿಗಳು ಅಮ್ಮನಿಗಾಗಿ ಚೀಂಗುಟ್ಟೋದನ್ನ ಕೇಳ್ತಾ ಇರು ಅಂತ ಹೇಳಿ ಹೋಗ್ತಾನೆ. ಓಪಿ ಆ ಮೂರು ಮರಿ ಸಾಕಿ, ಕೊನೆಗೆ ಒಂದೊಂದಾಗಿ ಹಾರಿಸಿ, ಪಂಜರ ಖಾಲಿ ಅನಿಸ್ತಿದೆ ಅಂತಾನೆ. ಆದರೆ ಮರಗಳು ಎಷ್ಟು ತುಂಬಿವೆ ನೋಡು ಅಂತಾನೆ ಅಪ್ಪ. ಓಪಿ ಆಗಿ ಮಾಡಿದ ರಾನ್ ಹೋವರ್ಡ್‌ಗೆ ಆಗ ಒಂಬತ್ತೇ ವರ್ಷ.

ನಾಳೆಯಿಂದ ಕಲರ್. ಐದು ಸೀಸನ್ನಿಗೇ ಶೋ ನಿಲ್ಲುತ್ತೆ ಅಂದುಕೊಂಡು ಬಾರ್ನಿ ಆಗಿ ಮಾಡ್ತಿದ್ದ ಡಾನ್ ನಾಟ್ಸ್ ಬೇರೆ ಕಡೆ ಕೆಲಸ ಒಪ್ಪಿಕೊಂಡಿದ್ದರು, ಹಾಗಾಗಿ ದಿನಾ ಬರೋ ಬಾರ್ನಿ ಇನ್ನಿಲ್ಲ. ಅತಿಥಿಯಾಗಿ ಐದು ಕಂತಿಗೆ ಬರ್ತಾರೆ. ಅವನ ಪುಟದಲ್ಲಿ ಐದು ಸಾಲು ಬಿಟ್ಟಿದ್ದೀನಿ.