ಹರಕೆ ಫಲಿಸದಿದ್ದರೂ ಅತ್ತೂರಿಗೆ

ಜನವರಿ ಬಂತೆಂದರೆ ಕಾರ್ಕಳದ ಅತ್ತೂರು ಚರ್ಚಿಗೆ ಜನ ಹರಿದು ಬರುತ್ತಾರೆ. ಸಂತ ಲಾರೆನ್ಸರ ವಾರ್ಷಿಕ ಹಬ್ಬ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಧರ್ಮದವರೂ ಬಂದು ಮೊಂಬತ್ತಿ ಹಚ್ಚುತ್ತಾರೆ. ಹೆಚ್ಚಿನವರ ಬೇಡಿಕೆ ಒಂದೇ: ಈ ಕಷ್ಟ ದಾಟಿಸಪ್ಪಾ.

ಯಾರ ಮುಂದೆ ಹೀಗೆ ಕೇಳುತ್ತೇವೆ ನೋಡಿ. ಲಾರೆನ್ಸ್ ರೋಮ್ ನಗರದ ಡೀಕನ್, ಅಂದರೆ ಚರ್ಚಿನ ಸೇವಾಧಿಕಾರಿ ಆಗಿದ್ದರು. ಕ್ರಿ.ಶ. 258ರಲ್ಲಿ ರೋಮಿನ ಚಕ್ರವರ್ತಿ ವಲೇರಿಯನ್‌ನ ಆಜ್ಞೆಯಂತೆ ಪೋಪ್ ಎರಡನೇ ಸಿಕ್ಸ್ಟಸರನ್ನು ಕೊಲ್ಲಲಾಯಿತು. ಚರ್ಚಿನ ಸಂಪತ್ತು ಒಪ್ಪಿಸು ಎಂದು ಅಧಿಕಾರಿ ಲಾರೆನ್ಸರನ್ನು ಕೇಳಿದನಂತೆ. ಅವರು ಇದ್ದದ್ದನ್ನೆಲ್ಲ ಹಂಚಿ, ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು, "ಇವರೇ ನಮ್ಮ ಸಂಪತ್ತು" ಎಂದರಂತೆ. ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಅವರನ್ನು ಸುಟ್ಟರೆಂದು ಪರಂಪರೆ ಹೇಳುತ್ತದೆ. ಬೆಂಕಿ ಆರಿಸಲು ಯಾವ ಪವಾಡವೂ ನಡೆಯಲಿಲ್ಲ.

ಅಮ್ಮನ ಕಾಯಿಲೆ ವಾಸಿಯಾಗಲಿ ಎಂದು ನಾನೂ ಅತ್ತೂರಿಗೆ ಹರಕೆ ಹೊತ್ತಿದ್ದೆ. ವಾಸಿಯಾಗಲಿಲ್ಲ. "ನಂಬಿಕೆ ಕಡಿಮೆಯಾಯ್ತೇನೋ" ಅಂದವರಿದ್ದರು. ಆ ಮಾತು ಸರಿಯಲ್ಲ. ಯೇಸುವಿನ ಸಂದೇಶ ಸಾರಿದ ಸಂತ ಪೌಲನಿಗೆ ನಂಬಿಕೆ ಕಡಿಮೆ ಇತ್ತೇ? ಶರೀರದಲ್ಲಿ ನಾಟಿದ ಮುಳ್ಳು ಎಂದು ತಾನೇ ಕರೆದ ಬಾಧೆಯನ್ನು ತೆಗೆ ಎಂದು ಆತ ದೇವರನ್ನು 3 ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಸಿಕ್ಕಿತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುಸ್ವಾಮಿಯೂ ಬೇಡಿದರಲ್ವಾ, ಸಂಕಟದ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು. ಆಮೇಲೇ ನಿನ್ನ ಚಿತ್ತದಂತೆ ಆಗಲಿ ಎಂದದ್ದು. ಹಾಗಾಗಿ ಅತ್ತು ಕೇಳುವುದರಲ್ಲಿ ತಪ್ಪಿಲ್ಲ. ಕೇಳಿದ್ದು ಸಿಗದಿದ್ದಾಗ ದೇವರು ಕೈಬಿಟ್ಟ ಅಂದುಕೊಳ್ಳಬೇಕಿಲ್ಲ, ಅಷ್ಟೇ. ಕೊನೆಯ ತಿಂಗಳುಗಳಲ್ಲಿ ಅಮ್ಮ ನೋವಿನಲ್ಲೇ ಜಪಸರ ಹಿಡಿದು ನೆರೆಮನೆಯ ಕಾಯಿಲೆಯವರಿಗಾಗಿ ಪ್ರಾರ್ಥಿಸುತ್ತಿದ್ದರು. ಆ ಶಕ್ತಿ ಎಲ್ಲಿಂದ ಬಂತು ಎಂದು ನನಗೆ ಅನುಮಾನವೇ ಇಲ್ಲ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಗಂಡನಿಂದ ಹೊಡೆತ ತಿನ್ನುವ ಹೆಣ್ಣಿಗೆ, ಕೂಲಿ ಸಿಗದ ಕೆಲಸಗಾರನಿಗೆ "ನಿನ್ನ ಶಿಲುಬೆ, ಹೊತ್ತುಕೋ" ಎನ್ನುವುದು ಪಾಪ. ಲಾರೆನ್ಸ್ ಬಡವರಿಗೆ ಸಹಿಸಿಕೊಳ್ಳಿ ಎನ್ನಲಿಲ್ಲ. ಕೊಟ್ಟರು, ಅದಕ್ಕಾಗಿಯೇ ಸತ್ತರು.

ಈ ಸಲವೂ ಅತ್ತೂರಿಗೆ ಹೋಗುತ್ತೇನೆ. ಬೇಡುವುದು ಜಾಸ್ತಿಯೇ ಇದೆ. ಅದರ ಜೊತೆಗೆ, ಅಮ್ಮನಿಗೆ ಕೊಟ್ಟದ್ದನ್ನು ನನಗೂ ಕೊಡು ಎಂದು ಕೇಳುತ್ತೇನೆ.