ಟಕ್ ಅಂದ ಸದ್ದು
ಇವತ್ತು ಹಳೇ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದೆ. ಪರದೆ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬದಲಿಸಬೇಕಿತ್ತು. ಕೈಯಲ್ಲಿ ದುಡ್ಡು ಜಾಸ್ತಿ ಇರಲಿಲ್ಲ.

ಮೊದಲು ಓದಿದ್ದು ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ, ಅಂದರೆ ಪವರ್ ಸಪ್ಲೈ ಮೇಲಿನ ಚೀಟಿ. 300 ವ್ಯಾಟ್. ಕಾರ್ಡಿಗೆ ಕರೆಂಟ್ ಕೊಡೋಕೆ ಅಂತ ಬೇರೆ 6 ಪಿನ್ ವೈರೇ ಇಲ್ಲ. ಅಂದರೆ ಮದರ್‌ಬೋರ್ಡ್ ಅನ್ನೋ ಮುಖ್ಯ ಹಲಗೆಯಲ್ಲಿ ಕಾರ್ಡ್ ಕೂರುವ ಸ್ಲಾಟ್ ಕೊಡುವ 75 ವ್ಯಾಟ್‌ನಲ್ಲೇ ಎಲ್ಲ ಆಗಬೇಕು.

ಆ ಲೆಕ್ಕಕ್ಕೆ ಹೊಂದಿದ್ದು 2019ರ ಜಿಟಿಎಕ್ಸ್ 1650 ಅನ್ನೋ ಕಾರ್ಡ್. ಅದರಲ್ಲೂ ಕೆಲವಕ್ಕೆ ಬೇರೆ ವೈರ್ ಬೇಕು, ನೋಡಿಯೇ ತಗೋಬೇಕು. ಆ ವೈರ್ ಬೇಡದ ಸೆಕೆಂಡ್ ಹ್ಯಾಂಡ್ ಕಾರ್ಡ್ ಒಂದು ಸಿಕ್ಕಿತು.

ಸ್ಲಾಟಿನ ಸಂದಿಯಲ್ಲಿ ವರ್ಷಗಳ ಧೂಳು. ಬೂದು ಬಣ್ಣದ ಹತ್ತಿಯ ಹಾಗೆ ಗಟ್ಟಿಯಾಗಿ ಕೂತಿತ್ತು. ಒಣ ಬ್ರಷ್‌ನಲ್ಲಿ ಮೆಲ್ಲಗೆ ಕೆರೆದು ತೆಗೆದೆ. ಕಾರ್ಡ್ ಇಟ್ಟು ಒತ್ತಿದೆ. ಟಕ್! ಸ್ಲಾಟಿನ ಕೊಕ್ಕೆ ಬಿದ್ದ ಸದ್ದು. ಎಷ್ಟು ಖುಷಿಯಾಯ್ತು ಗೊತ್ತಾ!

ಇದಕ್ಕಿಂತ ದೊಡ್ಡ ಕಾರ್ಡ್ ಹಾಕಿದ್ದರೆ ದುಡ್ಡು ಸುಮ್ನೆ ದಂಡ. ಪ್ರೊಸೆಸರ್ ಹಳೆಯದು, ಕಾರ್ಡ್ ಅದಕ್ಕಾಗಿ ಕಾಯುತ್ತಲೇ ಕೂರಬೇಕಾಗುತ್ತಿತ್ತು.

ಇಷ್ಟು ವರ್ಷ ದಿನಾ ಎದುರಿಗೆ ಕೂತ ಯಂತ್ರ. ಅದರಿಂದ ಎಷ್ಟಾಗುತ್ತೆ, ಎಷ್ಟಾಗಲ್ಲ ಅಂತ ನಾನು ಕೇಳಿದ್ದೇ ಇವತ್ತು. ಮನುಷ್ಯರ ವಿಷಯದಲ್ಲೂ ಹೀಗೇ ಮಾಡ್ತೀವಿ, ಅಲ್ವಾ?

ಕಾರ್ಡ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್, ಇನ್‌ಸ್ಟಾಲ್ ಆಗ್ತಾ ಇದೆ. ತಗಡು ಇನ್ನೂ ಮುಚ್ಚಿಲ್ಲ. ಫ್ಯಾನ್ ತಿರುಗೋದನ್ನೇ ನೋಡ್ತಾ ಕೂತಿದ್ದೀನಿ.