ಅಟ್ಟದಿಂದ ಇಳಿಸಿದ ವಾಲ್ವ್ ರೇಡಿಯೋವನ್ನು ಪ್ಲಗ್ ಹಾಕಿ ನೋಡಬಹುದೇ?

ಹಳೆಯ ರೇಡಿಯೋಗಳನ್ನು ಸರಿಪಡಿಸುವ ಹವ್ಯಾಸ ನನಗಿದೆಯೆಂದು ತಿಳಿದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: “ತಾತನ ಕಾಲದ ಮರ್ಫಿ ರೇಡಿಯೋ ಅಟ್ಟದಲ್ಲಿ ಸಿಕ್ಕಿದೆ, ಎತ್ತಿಡುವಾಗ ಚೆನ್ನಾಗಿಯೇ ಹಾಡುತ್ತಿತ್ತಂತೆ, ಒಮ್ಮೆ ಪ್ಲಗ್ ಹಾಕಿ ನೋಡಲೇ?” ಮರ್ಫಿಯ ಜಾಗದಲ್ಲಿ ಫಿಲಿಪ್ಸ್, ಬುಷ್ ಅಥವಾ ಎಚ್.ಎಂ.ವಿ. ಇದ್ದರೂ ನನ್ನ ಉತ್ತರ ಒಂದೇ. ದಯವಿಟ್ಟು ಹಾಕಬೇಡಿ.

ಎತ್ತಿಡುವಾಗ ಹಾಡುತ್ತಿತ್ತು ಎಂಬುದು ನಿಜವೇ ಇರಬಹುದು, ಆದರೆ ಅದರಿಂದ ಈಗಿನ ಸ್ಥಿತಿ ತಿಳಿಯುವುದಿಲ್ಲ. ವಾಲ್ವ್‌ಗಳು, ಅಂದರೆ ಟ್ರಾನ್ಸಿಸ್ಟರ್‌ಗಳಿಗೆ ಮುಂಚೆ ಬಳಸುತ್ತಿದ್ದ ಗಾಜಿನ ಕೊಳವೆಗಳು, ಸವೆಯುವುದು ಬಳಕೆಯಿಂದ. ವಿದ್ಯುತ್ತನ್ನು ಕೂಡಿಡುವ ಕಂಡೆನ್ಸರ್‌ಗಳು (ಕೆಪಾಸಿಟರ್‌ಗಳು) ಬಳಸದಿದ್ದರೂ ಕೆಡುತ್ತವೆ. ಎಲೆಕ್ಟ್ರೊಲಿಟಿಕ್ ಕಂಡೆನ್ಸರ್‌ನೊಳಗಿನ ಅಲ್ಯೂಮಿನಿಯಂ ಹಾಳೆಯ ಮೇಲೆ ತೆಳುವಾದ ಆಕ್ಸೈಡ್ ಪದರವೊಂದಿರುತ್ತದೆ. ವರ್ಷಗಟ್ಟಲೆ ವೋಲ್ಟೇಜ್ ಕಾಣದೆ ಅದು ಕ್ಷೀಣಿಸಿದ ಮೇಲೆ ಏಕಾಏಕಿ 250 ವೋಲ್ಟ್‌ಗಳಷ್ಟು ಬಂದರೆ ಕಂಡೆನ್ಸರ್ ಹೆಚ್ಚುಕಡಿಮೆ ಶಾರ್ಟ್ ಆದಂತೆಯೇ ವರ್ತಿಸಬಹುದು. ಆಗ ಹೊರೆಯೆಲ್ಲ ಎ.ಸಿ.ಯನ್ನು ಡಿ.ಸಿ. ಮಾಡುವ ರೆಕ್ಟಿಫೈಯರ್ ವಾಲ್ವ್ ಮತ್ತು ಮೇನ್ಸ್ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತದೆ.

ಇದಕ್ಕಿಂತಲೂ ಮೋಸದ್ದು, ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್‌ನ ಗ್ರಿಡ್‌ಗೆ (ಅದರ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ) ಸೇರುವ ಸಣ್ಣ ಕಾಗದದ ಕಂಡೆನ್ಸರ್. ಹಿಂದಿನ ಹಂತದ ಡಿ.ಸಿ. ವೋಲ್ಟೇಜನ್ನು ತಡೆದು, ಧ್ವನಿಯ ಸಂಕೇತವನ್ನಷ್ಟೇ ಮುಂದಕ್ಕೆ ಬಿಡುವುದು ಅದರ ಕೆಲಸ. ತೇವ ಹೀರಿದ ಕಾಗದ ಸ್ವಲ್ಪವೇ ಸೋರಿದರೂ ಗ್ರಿಡ್ ಪಾಸಿಟಿವ್ ಆಗಿ, ವಾಲ್ವ್ ಮಿತಿಮೀರಿ ಕರೆಂಟ್ ಎಳೆಯತೊಡಗುತ್ತದೆ. ಕೆಟ್ಟದ್ದೇನೆಂದರೆ, ಆ ಹೊತ್ತಿನಲ್ಲಿ ರೇಡಿಯೋ ಹಾಡುತ್ತಲೂ ಇರಬಹುದು. ಮನೆಯವರೆಲ್ಲ ಸಂಭ್ರಮಿಸುತ್ತಿರುವಾಗಲೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೂದಲೆಳೆಯಂಥ ತಂತಿ ಒಳಗೊಳಗೇ ಸುಡುತ್ತಿರುತ್ತದೆ. ನನ್ನ ತಕರಾರು ಇಷ್ಟೇ: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಕಂಡೆನ್ಸರ್ ಚೆನ್ನಾಗಿದೆಯೇ ಎಂದು ತಿಳಿಯಲು, ಹುಡುಕಿದರೂ ಸಿಗದ ಟ್ರಾನ್ಸ್‌ಫಾರ್ಮರನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ. ವಾಲ್ವ್‌ಗಳ ಚಿಂತೆ ಅಷ್ಟಾಗಿ ಬೇಡ. ಜಾಲಹಳ್ಳಿಯ ಬಿ.ಇ.ಎಲ್. (ಭಾರತ್ ಎಲೆಕ್ಟ್ರಾನಿಕ್ಸ್) ಕಾರ್ಖಾನೆ 1960ರ ದಶಕದಲ್ಲಿ ಅವನ್ನು ತಯಾರಿಸುತ್ತಿತ್ತು; ಆ ಹೆಸರು ಹೊತ್ತ ಇ.ಎಲ್. 84, ಇ.ಸಿ.ಸಿ. 83 ವಾಲ್ವ್‌ಗಳನ್ನು ಇಂದಿಗೂ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ.

ಜೀವಕ್ಕೆ ಸಂಬಂಧಿಸಿದ ಮಾತೊಂದಿದೆ. ವಾಲ್ವ್‌ಗಳ ಹೆಸರು ಯು.ಸಿ.ಎಚ್. 81, ಯು.ಎಲ್. 84 ಎಂದು ಯು ಅಕ್ಷರದಿಂದ ಆರಂಭವಾಗಿದ್ದರೆ, ಅದು ಬಹುಮಟ್ಟಿಗೆ ಎ.ಸಿ.-ಡಿ.ಸಿ. ಎರಡರಲ್ಲೂ ನಡೆಯುವ ಸೆಟ್. ಅಂಥವುಗಳಲ್ಲಿ ಮೇನ್ಸ್‌ನ ಒಂದು ತಂತಿ ನೇರವಾಗಿ ಚಾಸಿಗೆ (ಒಳಗಿನ ಲೋಹದ ಚೌಕಟ್ಟಿಗೆ) ಸೇರಿರುವುದರಿಂದ, ಎರಡು ಪಿನ್ನಿನ ಪ್ಲಗ್ ತಿರುವುಮುರುವಾದರೆ ಇಡೀ ಚಾಸಿಯಲ್ಲಿ ಕರೆಂಟ್ ಇರುತ್ತದೆ. ನಾಬ್ ಕಳಚಿಹೋಗಿ ಉಳಿದ ಬರಿಯ ಕಡ್ಡಿಯನ್ನು ಮುಟ್ಟಿದರೂ ಸಾಕು. ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಂಥ ಸೆಟ್ಟಿನ ಹಿಂಬದಿಯ ಮುಚ್ಚಳ ತೆಗೆದು ಕೆಲಸ ಮಾಡಬಾರದು. ಡಿ ಅಕ್ಷರದ ವಾಲ್ವ್‌ಗಳಿದ್ದರೆ ಅದು ಕರೆಂಟಿಲ್ಲದ ಊರುಗಳಿಗೆಂದು ಮಾಡಿದ ಬ್ಯಾಟರಿ ಸೆಟ್ ಆಗಿರುವ ಸಾಧ್ಯತೆಯೇ ಹೆಚ್ಚು; ಅದನ್ನು ಗೋಡೆಯ ಸಾಕೆಟ್ಟಿಗೆ ಜೋಡಿಸುವ ಮಾತೇ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಪುಡಿಯಾದ ರಬ್ಬರ್ ತಂತಿಗಳನ್ನು, ಎಲೆಕ್ಟ್ರೊಲಿಟಿಕ್ ಹಾಗೂ ಕಾಗದದ ಕಂಡೆನ್ಸರ್‌ಗಳನ್ನು ಬದಲಿಸಿದ ಮೇಲೆಯೇ ಸೀರೀಸ್ ಬಲ್ಬಿನ (ಮೇನ್ಸ್ ಮತ್ತು ಸೆಟ್ಟಿನ ನಡುವೆ ಸರಣಿಯಲ್ಲಿ ಜೋಡಿಸಿದ ಬಲ್ಬಿನ) ಮೂಲಕ ಕರೆಂಟ್ ಕೊಡಬೇಕು. ಆ ಬಲ್ಬು 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬೇ ಆಗಿರಬೇಕು, ಎಲ್.ಇ.ಡಿ. ಇದಕ್ಕೆ ಬರುವುದಿಲ್ಲ. ಅದು ಪೂರ್ತಿ ಬೆಳಗಿ ಹಾಗೆಯೇ ನಿಂತರೆ ಎಲ್ಲೋ ಶಾರ್ಟ್ ಇದೆಯೆಂದು ತಿಳಿದು ಕೂಡಲೇ ಆರಿಸಿಬಿಡಬೇಕು. ಇನ್ನು ಐ.ಎಫ್. ಡಬ್ಬಿಗಳ (ಟ್ಯೂನಿಂಗ್ ಸುರುಳಿಗಳಿರುವ ಸಣ್ಣ ಲೋಹದ ಡಬ್ಬಿಗಳ) ತಿರುಪುಗಳನ್ನು, ಅವು ಸಡಿಲವಾಗಿವೆ ಎನಿಸಿದರೂ, ಬಿಗಿಮಾಡಲು ಹೋಗಬಾರದು. ಕಾರ್ಖಾನೆಯಲ್ಲಿ ಕೂಡಿಸಿದ ಟ್ಯೂನಿಂಗ್ ಕೆಟ್ಟರೆ ಸಿಗ್ನಲ್ ಜನರೇಟರ್ ಇಲ್ಲದೆ ಮತ್ತೆ ಸರಿಹೋಗುವುದು ಕಷ್ಟ.

ಇಷ್ಟಾದ ಮೇಲೂ ಬರೀ ಗರಗರ ಸದ್ದು ಬಂದರೆ ಸೆಟ್ಟನ್ನು ಬೈಯುವ ಮೊದಲು ಮನೆಯ ಎಲ್.ಇ.ಡಿ. ದೀಪಗಳನ್ನೂ ಮೊಬೈಲ್ ಚಾರ್ಜರ್‌ಗಳನ್ನೂ ಆರಿಸಿ ನೋಡಿ. ಬೀದಿಗೇ ಕರೆಂಟ್ ಹೋದಾಗ ಮೀಡಿಯಂ ವೇವ್ ಬಹಳ ಸ್ವಚ್ಛವಾಗಿರುತ್ತದೆ, ಆದರೆ ಆಗ ವಾಲ್ವ್ ಸೆಟ್ಟೂ ಆರಿರುತ್ತದೆ. ಹಳೆಯ ಡಯಲ್‌ಗಳಲ್ಲಿ ಹಲವು ಮೀಟರ್ ಲೆಕ್ಕದಲ್ಲಿರುವುದರಿಂದ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸನ್ನು 490ರ ಹತ್ತಿರ, ಧಾರವಾಡದ 765 ಕಿಲೋಹರ್ಟ್ಸನ್ನು 392ರ ಹತ್ತಿರ ಹುಡುಕಬೇಕು. ದೂರದ ನಿಲ್ದಾಣಗಳಿಗೆ ತಾರಸಿಯ ಮೇಲೆ ಹತ್ತು ಮೀಟರ್ ತಂತಿ ಎಳೆದು, ಸೂರ್ಯ ಮುಳುಗಿದ ಮೇಲೆ ಪ್ರಯತ್ನಿಸಿ.